ಎಪಿಡ್ಯೂರಲ್ ಬೇಕೋ ಬೇಡ್ವೋ: ಪುಟ್ಟಿಗೆ ದೊಡ್ಡಮ್ಮನ ಪತ್ರ

ಪ್ರೀತಿಯ ಪುಟ್ಟಿ,

ರಾತ್ರಿ ನೀನು ಕಳ್ಸಿದ ವಾಯ್ಸ್ ಮೆಸೇಜ್ ಕೇಳ್ದೆ. "ದೊಡ್ಡಮ್ಮ, ಎಪಿಡ್ಯೂರಲ್ ತಗೊಳ್ಲಾ ಬೇಡ್ವಾ, ಒಂದೇ ಮಾತಲ್ಲಿ ಹೇಳ್ಬಿಡು" ಅಂದಿದೀಯ. ಎಪಿಡ್ಯೂರಲ್ ಅಂದ್ರೆ ಹೆರಿಗೆ ನೋವು ಕಮ್ಮಿ ಆಗ್ಲಿ ಅಂತ ಬೆನ್ನಲ್ಲಿ ಸಣ್ಣ ಟ್ಯೂಬ್ ಇಟ್ಟು ಕೊಡೋ ಔಷಧಿ. ಒಂದೇ ಮಾತಲ್ಲಿ ಮುಗಿಯೋ ವಿಷ್ಯ ಅಲ್ಲ ಕಂದ, ಅದಕ್ಕೇ ಕೂತ್ಕೊಂಡು ಟೈಪ್ ಮಾಡ್ತಿದೀನಿ, ಉದ್ದ ಆದ್ರೆ ಸ್ವಲ್ಪ ಸ್ವಲ್ಪನೇ ಓದು, ಅಳಿಯಂದ್ರಿಗೂ ಓದ್ಸು.

ಮೊದ್ಲು ನನ್ನ ಮನಸ್ಸಲ್ಲಿರೋದು ಹೇಳ್ಬಿಡ್ತೀನಿ. ಬೇಕು ಅಥ್ವಾ ಬೇಡ ಅಂತ ಈಗ್ಲೇ ಹಠ ಹಿಡ್ಕೊಂಡು ಕೂರ್ಬೇಡ. ನೋವು ಶುರುವಾದ್ಮೇಲೆ ಎಷ್ಟು ತಡ್ಕೋಬಹುದು ಅಂತ ನಿಂಗೇ ಗೊತ್ತಾಗುತ್ತೆ, ಅದಕ್ಕೆ ಮುಂಚೆ ಯಾರಿಗೂ ಗೊತ್ತಾಗಲ್ಲ, ನಂಗೂ ಗೊತ್ತಾಗಲ್ಲ. ಆದ್ರೆ ಆವತ್ತು ನೀನು ಬೇಕು ಅಂದ್ರೆ ಸಿಗೋ ಹಾಗೆ ತಯಾರಿ ಮಾತ್ರ ಈಗ್ಲೇ ಆಗ್ಬೇಕು. ಲೇಬರ್ ವಾರ್ಡಲ್ಲಿ ಕೆಲ್ಸ ಮಾಡ್ದಾಗ ನನ್ನ ಹೊಟ್ಟೆ ಉರಿಸಿದ್ದು ಅಂದ್ರೆ, ರಾತ್ರಿ ಎರಡು ಗಂಟೆಗೆ "ಸಿಸ್ಟರ್, ಆ ನೋವಿಲ್ದಿರೋ ಇಂಜೆಕ್ಷನ್ ಕೊಡ್ಸಿ" ಅಂತ ಕೈ ಹಿಡ್ಕೊಂಡು ಕೇಳೋರು, ಕೊಡೋಕೆ ಅನಸ್ತೇಸಿಯಾ ಡಾಕ್ಟ್ರೇ ಇರ್ತಿರ್ಲಿಲ್ಲ. ಆ ಹೆಣ್ಮಕ್ಕಳಿಗೆ ಯಾರೂ ಮುಂಚೇನೇ ಹೇಳಿರ್ಲಿಲ್ಲ.

ಅದಕ್ಕೇ ನೀನು ಮೊದ್ಲು ಯೋಚ್ನೆ ಮಾಡ್ಬೇಕಿರೋದು ಹೆರಿಗೆ ಎಲ್ಲಿ ಅಂತ. ಚೊಚ್ಚಲ ಹೆರಿಗೆ ತವರಲ್ಲೇ ಆಗ್ಬೇಕು ಅಂತ ನಿಮ್ಮಮ್ಮ ತಿಪಟೂರಿಗೆ ಕರೀತಿದಾಳೆ, ಅವಳ ಆಸೆ ತಪ್ಪಲ್ಲ. ಆದ್ರೆ ನಮ್ಮ ಕಡೆ ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಅನಸ್ತೇಸಿಯಾ ಡಾಕ್ಟ್ರು ಅಲ್ಲೇ ಇರಲ್ಲ ಪುಟ್ಟಿ, ಆಪರೇಷನ್ ಇದ್ರೆ ಫೋನ್ ಮಾಡಿ ಕರುಸ್ತಾರೆ, ಅವ್ರು ನಾಕು ಆಸ್ಪತ್ರೆ ಓಡಾಡ್ತಿರ್ತಾರೆ. ಸಿಸೇರಿಯನ್‌ಗೆ ಬಂದು ಒಂದು ಗಂಟೇಲಿ ಮುಗ್ಸಿ ಹೋಗೋದು ಬೇರೆ, ಎಪಿಡ್ಯೂರಲ್ ಹಾಕಿ ಮಗು ಹುಟ್ಟೋವರ್ಗೂ ನಿನ್ನ ಮೇಲೆ ಒಂದು ಕಣ್ಣಿಡೋದು ಬೇರೆ. ನಿಂಗೆ ಎಪಿಡ್ಯೂರಲ್ ದಾರಿ ಬಿಟ್ಕೊಡೋಕೆ ಮನಸ್ಸಿಲ್ಲ ಅಂದ್ರೆ ಹೆರಿಗೆ ಬೆಂಗಳೂರಲ್ಲಿ ಮಾಡ್ಕೊಂಡು ಬಾಣಂತನಕ್ಕೆ ತಿಪಟೂರಿಗೆ ಹೋಗು, ನಿಮ್ಮಮ್ಮಂಗೆ ನಾನು ಹೇಳ್ತೀನಿ.

ಬೆಂಗಳೂರಲ್ಲಿ ಕೂಡ ಬೋರ್ಡ್ ಮೇಲೆ "ಪೇನ್‌ಲೆಸ್ ಡೆಲಿವರಿ" ಅಂತ ಬರ್ದಿದ್ರೆ ಸಾಲ್ದು. ಹೋಗಿ ಕೇಳು, ರಾತ್ರಿ ಮತ್ತೆ ಭಾನುವಾರ ಅನಸ್ತೇಸಿಯಾ ಡಾಕ್ಟ್ರು ಆಸ್ಪತ್ರೆ ಒಳಗೇ ಇರ್ತಾರಾ ಇಲ್ಲ ಮನೆಯಿಂದ ಬರ್ಬೇಕಾ, ಬರೋಕೆ ಎಷ್ಟೊತ್ತು, ಗರ್ಭಕೋಶದ ಬಾಯಿ ಇಷ್ಟು ಬಿಟ್ಟಿದ್ರೇನೇ ಕೊಡೋದು ಅಂತ ರೂಲ್ ಇದ್ಯಾ. ಹಿಂದೆಲ್ಲ ನಾಕು ಸೆಂಟಿಮೀಟರ್ ಆಗೋವರ್ಗೂ ಕಾಯ್ಸೋರು, ಈಗ ಹಾಗೆ ಕಾಯ್ಸೋ ಅಗತ್ಯ ಇಲ್ಲ ಅಂತ ದೊಡ್ಡ ದೊಡ್ಡ ಡಾಕ್ಟ್ರ ಸಂಘಗಳೇ ಹೇಳಿವೆ, ಹೆರಿಗೆ ನೋವು ಶುರುವಾಗಿ ತಾಯಿ ಕೇಳಿದ್ರೆ ಅದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಮಾರ್ಗಸೂಚೀಲೂ ಆರೋಗ್ಯವಾಗಿರೋ ಗರ್ಭಿಣಿ ನೋವಿಗೆ ಏನಾದ್ರೂ ಕೊಡಿ ಅಂತ ಕೇಳಿದ್ರೆ ಎಪಿಡ್ಯೂರಲ್ ಕೊಡಬಹುದು ಅಂತಾನೇ ಇದೆ. ದುಡ್ಡಿನ ಮಾತೂ ಕೇಳ್ಕೊಂಡ್ಬಿಡು, ಪ್ಯಾಕೇಜ್ ಒಳಗೆ ಬರುತ್ತಾ ಬೇರೆ ಬಿಲ್ಲಾ, ಅಳಿಯಂದ್ರ ಕಂಪನಿ ಇನ್ಶೂರೆನ್ಸಲ್ಲಿ ಮೆಟರ್ನಿಟಿಗೆ ಎಷ್ಟು ಲಿಮಿಟ್ ಅಂತ.

ಇನ್ನೊಂದು ಮುಖ್ಯ, ನಿನ್ನ ಔಷಧಿ. ಮೂರನೇ ತಿಂಗಳಿಂದ ಎಕೋಸ್ಪ್ರಿನ್, ಅಂದ್ರೆ ಆಸ್ಪಿರಿನ್ ಮಾತ್ರೆ, ತಗೋತಿದೀಯಲ್ಲ, ಆ ಸಣ್ಣ ಡೋಸ್ ಒಂದೇ ಆದ್ರೆ ಸಾಮಾನ್ಯವಾಗಿ ಎಪಿಡ್ಯೂರಲ್‌ಗೆ ಅಡ್ಡಿ ಇಲ್ಲ, ಆದ್ರೂ ಹೇಳ್ಬೇಕು. ರಕ್ತ ತೆಳು ಮಾಡೋಕೆ ಹೊಟ್ಟೆಗೆ ಚುಚ್ಕೊಳ್ಳೋ ಹೆಪಾರಿನ್ ತರದ ಇಂಜೆಕ್ಷನ್ ಏನಾದ್ರೂ ಶುರು ಮಾಡಿದ್ರೆ ಮಾತ್ರ ಲೆಕ್ಕ ಬೇರೆ, ಈಗ ಜಾಸ್ತಿ ಕೊಡೋ ಎನಾಕ್ಸಪರಿನ್ ಆದ್ರೆ ಕೊನೇ ಡೋಸ್ ಆಗಿ ಕಮ್ಮಿ ಡೋಸಿಗೆ 12 ಗಂಟೆ, ಜಾಸ್ತಿ ಡೋಸಿಗೆ 24 ಗಂಟೆ ಕಳೀಬೇಕು, ಇಲ್ದಿದ್ರೆ ಬೆನ್ನೆಲುಬಿನ ಒಳಗೆ ರಕ್ತ ಸೋರಿ, ಅಲ್ಲೇ ಸೇರ್ಕೊಂಡು ನರ ಒತ್ತೋ ಭಯ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಸೋ ಕಣ) ತುಂಬಾ ಕಮ್ಮಿ ಇದ್ರೂ, ಬೆನ್ನಲ್ಲಿ ಇನ್‌ಫೆಕ್ಷನ್ ಇದ್ರೂ ಕೊಡಲ್ಲ. ಬಿಪಿ ಏರ್ತಾ ಇದ್ರೆ ಪ್ಲೇಟ್‌ಲೆಟ್ ಇಳಿಯೋ ಸಾಧ್ಯತೆ ಇರುತ್ತೆ, ಅದಕ್ಕೇ ಒಂಬತ್ತನೇ ತಿಂಗಳಲ್ಲಿ ರಕ್ತ ಪರೀಕ್ಷೆ ತಪ್ಪಿಸ್ಬೇಡ. ಹಂಗಂತ ಬಿಪಿ ಇದ್ದೋರಿಗೆ ಎಪಿಡ್ಯೂರಲ್ ಕೂಡ್ದು ಅಂತಲ್ಲ, ಪ್ಲೇಟ್‌ಲೆಟ್ ಸರಿ ಇದ್ರೆ ಡಾಕ್ಟ್ರೇ ಎಷ್ಟೋ ಸಲ ತಗೋ ಅಂತಾರೆ, ನೋವಿಗೆ ಬಿಪಿ ಇನ್ನೂ ಏರೋದು ತಪ್ಪುತ್ತೆ.

ಹಾಕೋದು ಹೇಗೆ ಅಂತ ಕೇಳಿದ್ಯಲ್ಲ, ವಿಡಿಯೋ ನೋಡಿ ಹೆದರ್ಕೋಬೇಡ, ನಾನು ಎಷ್ಟೋ ಜನರ ಭುಜ ಹಿಡ್ಕೊಂಡು ಮುಂದೆ ನಿಂತಿದೀನಿ. ಮಂಚದ ಅಂಚಲ್ಲಿ ಕಾಲು ಇಳಿಬಿಟ್ಟು ಕೂರುಸ್ತಾರೆ, ದಿಂಬು ತಬ್ಕೊಂಡು ಗದ್ದ ಎದೆಗೆ ತಾಗಿಸಿ ಬೆನ್ನನ್ನ ಬೆಕ್ಕು ಮೈ ಮುರಿಯೋವಾಗ ಮಾಡೋ ತರ ಹಿಂದಕ್ಕೆ ಉಬ್ಬುಸ್ಬೇಕು. ಮೊದ್ಲು ತಣ್ಣಗೆ ಔಷಧಿ ಹಚ್ಚಿ ಬೆನ್ನು ಒರೆಸ್ತಾರೆ, ಆಮೇಲೆ ಚರ್ಮಕ್ಕೆ ಮರಗಟ್ಟೋ ಸಣ್ಣ ಇಂಜೆಕ್ಷನ್, ಅದು ಚುರ್ ಅನ್ನುತ್ತೆ. ದೊಡ್ಡ ಸೂಜಿ ಹೋಗೋವಾಗ ಚುಚ್ಚಿದ ಹಾಗಿರಲ್ಲ, ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗೆ ಅಂತ ಎಲ್ರೂ ಹೇಳ್ತಾರೆ, ಒಂದೊಂದ್ಸಲ ಒಂದು ಕಾಲಿಗೆ ಕ್ಷಣಕ್ಕೆ ಕರೆಂಟ್ ಹೊಡ್ದಂಗಾಗುತ್ತೆ, ಹಾಗೇನಾದ್ರೂ ಆದಾಗ ಯಾವ ಕಾಲು ಅಂತ ತಕ್ಷಣ ಬಾಯಲ್ಲಿ ಹೇಳು, ಅಲ್ಲಾಡ್ಬೇಡ. ಇಷ್ಟರ ಮಧ್ಯೆ ನೋವಂತೂ ಬಂದೇ ಬರುತ್ತೆ, "ಬರ್ತಾ ಇದೆ" ಅಂದ್ರೆ ಡಾಕ್ಟ್ರು ಕೈ ನಿಲ್ಲಿಸ್ತಾರೆ, ಅದು ಹೋದ್ಮೇಲೆ ಮುಂದುವರಿಸ್ತಾರೆ. ಸೂಜಿ ತೆಗ್ದು ನೂಲಿನಷ್ಟು ಸಣ್ಣ ಟ್ಯೂಬ್ ಮಾತ್ರ ಒಳಗೆ ಬಿಟ್ಟು ಬೆನ್ನುದ್ದಕ್ಕೂ ಟೇಪ್ ಹಚ್ಚಿ ಭುಜದ ಹತ್ರ ತರ್ತಾರೆ, ಸೂಜಿ ಬೆನ್ನಲ್ಲೇ ಇರುತ್ತೆ ಅನ್ನೋದು ಸುಳ್ಳು. ಔಷಧಿ ಕೆಲ್ಸ ಮಾಡೋಕೆ ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ನೋವು ಹೋದ್ರೂ ಹೊಟ್ಟೆ ಬಿಗಿಯೋದು ಒತ್ತೋದು ಸ್ವಲ್ಪ ಗೊತ್ತಾಗ್ತಿರುತ್ತೆ, ಅದು ಒಳ್ಳೇದೇ, ಮುಕ್ಕೋವಾಗ ಬೇಕಾಗುತ್ತೆ.

ನಿನ್ನ ಓರಗಿತ್ತಿ "ನಂಗೂ ಎಪಿ ಕೊಟ್ರು, ಏನೂ ಕಮ್ಮಿ ಆಗ್ಲಿಲ್ಲ" ಅಂದ್ಲು ಅಂದ್ಯಲ್ಲ, ಅವಳಿಗೆ ಕೊಟ್ಟಿರೋದು ಎಪಿಡೋಸಿನ್ ಇರ್ಬೇಕು. ಅದು ಗರ್ಭಕೋಶದ ಬಾಯಿ ಬೇಗ ಬಿಡ್ಲಿ ಅಂತ ಕೊಡೋ ಇಂಜೆಕ್ಷನ್, ಬೆನ್ನಿಗಲ್ಲ, ನೋವಿಗೂ ಅಲ್ಲ. ಈ ಎರಡನ್ನ ಕಲಸಿ ಮಾತಾಡೋರು ಬೇಕಾದಷ್ಟು ಜನ ಇದಾರೆ, ಅದನ್ನ ಕೇಳಿ ತಲೆ ಕೆಡಿಸ್ಕೋಬೇಡ.

ಇನ್ನು ನಿಮ್ಮತ್ತೆ ಹೇಳಿದ್ದು. ಬೆನ್ನಿಗೆ ಇಂಜೆಕ್ಷನ್ ತಗೊಂಡ್ರೆ ಜೀವನಪೂರ್ತಿ ಬೆನ್ನುನೋವು ಅನ್ನೋದು ನಮ್ಮೂರಲ್ಲಿ ಪ್ರತಿ ಮನೇಲೂ ಕೇಳೋ ಮಾತು. ಅವ್ರ ಬೆನ್ನುನೋವು ಸುಳ್ಳು ಅಂತ ನಾನು ಹೇಳಲ್ಲ, ಅವ್ರು ನಿಜ್ವಾಗ್ಲೂ ಅನುಭವಿಸ್ತಿದಾರೆ, ಆದ್ರೆ ಒಂಬತ್ತು ತಿಂಗಳು ಹೊತ್ತು, ಆಮೇಲೆ ಬಗ್ಗಿ ಕೂತು ಹಾಲು ಕುಡ್ಸಿ, ಎತ್ತಿ ಇಳ್ಸಿ, ಸಡಿಲಾದ ಹೊಟ್ಟೆ ಸ್ನಾಯುಗಳಿಗೆ ವ್ಯಾಯಾಮ ಇಲ್ದೆ ಮನೆಗೆಲ್ಸಕ್ಕೆ ಇಳಿದ್ರೆ ಇಂಜೆಕ್ಷನ್ ತಗೊಳ್ದೇ ಇದ್ದೋರಿಗೂ ಬೆನ್ನು ನೋಯುತ್ತೆ. ಚುಚ್ಚಿದ ಜಾಗ ಕೆಲವು ದಿನ ನೋಯೋದು ಇದೆ, ಅಷ್ಟೇ. ಕೋಕ್ರೇನ್ ಅಂತ ಒಂದು ಸಂಸ್ಥೆ 2018ರಲ್ಲಿ 40 ಅಧ್ಯಯನಗಳನ್ನ, ಅಂದ್ರೆ 11,000ಕ್ಕೂ ಹೆಚ್ಚು ಹೆಂಗಸರ ಲೆಕ್ಕಾನ ಒಟ್ಟಿಗೆ ಇಟ್ಟು ನೋಡ್ತು, ಎಪಿಡ್ಯೂರಲ್ ತಗೊಂಡೋರಲ್ಲಿ ಬಹಳ ಕಾಲ ಉಳಿಯೋ ಬೆನ್ನುನೋವೂ ಜಾಸ್ತಿ ಇರ್ಲಿಲ್ಲ, ಸಿಸೇರಿಯನ್ ಕೂಡ ಜಾಸ್ತಿ ಆಗಿರ್ಲಿಲ್ಲ. ವ್ಯಾಕ್ಯೂಮ್, ಫೋರ್ಸೆಪ್ಸ್ ಹಾಕಿ ಮಗು ತೆಗೆಯೋದು ಹಳೇ ಕಾಲದ ಜಾಸ್ತಿ ಡೋಸಲ್ಲಿ ಹೆಚ್ಚಿತ್ತು, 2005ರ ನಂತರದ ಅಧ್ಯಯನಗಳಲ್ಲಿ ಆ ವ್ಯತ್ಯಾಸ ಕಾಣ್ಲಿಲ್ಲ. ಇದನ್ನ ನಿಮ್ಮತ್ತೆ ಜೊತೆ ಜಗಳಕ್ಕೆ ಇಟ್ಕೋಬೇಡ, ನಿನ್ನ ಧೈರ್ಯಕ್ಕೆ ಇಟ್ಕೋ.

"ನೋವು ತಿಂದ್ರೇನೇ ತಾಯಿ ಆಗೋದು" ಅನ್ನೋ ಮಾತಿಗೆ ಮಾತ್ರ ನಂಗೆ ಸಿಟ್ಟು ಬರುತ್ತೆ. ಹಲ್ಲು ಕೀಳ್ಸೋಕೆ ಹೋದಾಗ ಮರಗಟ್ಟೋ ಇಂಜೆಕ್ಷನ್ ಬೇಡ ಅಂತ ಯಾರಾದ್ರೂ ಹೇಳ್ತಾರಾ? ನಮ್ಮ ತುಮಕೂರು ಜಿಲ್ಲೆ ಪಾವಗಡದ ಸೂಲಗಿತ್ತಿ ನರಸಮ್ಮನವ್ರು 15,000ಕ್ಕೂ ಹೆಚ್ಚು ಹೆರಿಗೆ ಮಾಡ್ಸಿದ್ರು, 2018ರಲ್ಲಿ ಪದ್ಮಶ್ರೀ ಬಂತು, ಅವ್ರ ಹೆಸ್ರು ಹೇಳಿ "ಆಗೆಲ್ಲ ಎಪಿಡ್ಯೂರಲ್ ಇತ್ತಾ" ಅಂತ ಕೇಳ್ತಾರೆ. ಇರ್ಲಿಲ್ಲ, ನಿಜ. ಆದ್ರೆ ಆಗ ಸೂಲಗಿತ್ತಿ ಬಸುರಿಯ ಪಕ್ಕದಿಂದ ಏಳ್ತಿರ್ಲಿಲ್ಲ, ಸೊಂಟ ತಿಕ್ಕೋರು, ಬಿಸಿನೀರು ಹಾಕೋರು, ಎಬ್ಬಿಸಿ ನಡೆಸೋರು. ಈಗ ಹೆಣ್ಣನ್ನ ಒಬ್ಳನ್ನೇ ಮಂಚದ ಮೇಲೆ ಮಲಗ್ಸಿ, ಕೈಗೆ ಡ್ರಿಪ್ ಹಾಕಿ, ಬಾಗಿಲು ಹಾಕಿ, ಮೇಲಿಂದ ಸಹಿಸ್ಕೋ ಅಂದ್ರೆ ಅದು ಹಳೇ ಪದ್ಧತೀನೂ ಅಲ್ಲ, ಹೊಸಾ ಪದ್ಧತೀನೂ ಅಲ್ಲ, ಬರೀ ಕಷ್ಟ ಕೊಡೋದು.

ತೊಂದ್ರೆಗಳನ್ನೂ ಮುಚ್ಚಿಡಲ್ಲ. ಬಿಪಿ ಇಳಿಯಬಹುದು, ಅದಕ್ಕೇ ಹಾಕಿದ ಮೇಲೆ ಮತ್ತೆ ಮತ್ತೆ ಬಿಪಿ ನೋಡ್ತಾರೆ, ಮಗು ಎದೆಬಡಿತ ನೋಡೋ ಬೆಲ್ಟ್ ಹೊಟ್ಟೆ ಮೇಲೇ ಇರುತ್ತೆ. ಮೈ ತುರಿಕೆ, ನಡುಕ, ಕೆಲವರಿಗೆ ಜ್ವರ ಬರುತ್ತೆ. ಕಾಲು ಭಾರ ಆಗೋದ್ರಿಂದ ನಮ್ಮಲ್ಲಿ ಹೆಚ್ಚು ಕಡೆ ಮಂಚದಿಂದ ಇಳಿಯೋಕೆ ಬಿಡಲ್ಲ, ಮೂತ್ರಕ್ಕೆ ಟ್ಯೂಬ್ ಹಾಕ್ತಾರೆ. ಮುಕ್ಕೋ ಹಂತ ಸ್ವಲ್ಪ ಎಳೆಯುತ್ತೆ. ಹತ್ತು ಜನರಲ್ಲಿ ಒಬ್ರಿಗಾದ್ರೂ ಸರಿಯಾಗಿ ಹಿಡಿಯಲ್ಲ, ಒಂದೇ ಪಕ್ಕ ಮರಗಟ್ಟುತ್ತೆ, ಆಗ ಟ್ಯೂಬ್ ಸರಿ ಮಾಡ್ಬೇಕು ಇಲ್ಲ ಮತ್ತೆ ಹಾಕ್ಬೇಕು. ಸುಮಾರು 100ರಲ್ಲಿ ಒಬ್ರಿಗೆ ಆಮೇಲೆ ಒಂದು ತರ ತಲೆನೋವು ಬರುತ್ತೆ, ಎದ್ದು ಕೂತ್ರೆ ಸಿಡಿಯೋದು, ಮಲಗಿದ್ರೆ ಕಮ್ಮಿ ಆಗೋದು. ಹಾಗೇನಾದ್ರೂ ಆದ್ರೆ ಬಾಣಂತಿಗೆ ಗಾಳಿ ತಾಗಿದೆ ಅಂತ ಕಿವಿಗೆ ಹತ್ತಿ ಇಟ್ಕೊಂಡು ಮನೇಲಿ ಮಲಗ್ಬೇಡ, ಅವತ್ತೇ ಆಸ್ಪತ್ರೆಗೆ ಫೋನ್ ಮಾಡು, ಅದಕ್ಕೆ ಚಿಕಿತ್ಸೆ ಇದೆ, ತೀರಾ ಜಾಸ್ತಿ ಆದ್ರೆ ನಿನ್ನ ಕೈಯಿಂದ್ಲೇ ರಕ್ತ ತೆಗ್ದು ಬೆನ್ನಲ್ಲಿ ಆ ಜಾಗಕ್ಕೆ ಕೊಟ್ರೆ ಸಾಮಾನ್ಯವಾಗಿ ಕಮ್ಮಿ ಆಗುತ್ತೆ. ನರಕ್ಕೆ ಕಾಯಂ ಏಟು ಬೀಳೋದು ಅಂತ ಹೆದರ್ಸೋದು 10,000ಕ್ಕೂ ಹೆಚ್ಚು ಜನರಲ್ಲಿ ಒಬ್ರಿಗೆ ಆಗೋ ಅಷ್ಟು ಅಪರೂಪ.

ಮಗು ಬಗ್ಗೆ ಭಯ ಬೇಡ, ಬೆನ್ನಿಗೆ ಕೊಡೋ ಔಷಧಿ ಮಗುವಿಗೆ ಹೋಗೋದು ತುಂಬಾ ಕಮ್ಮಿ, ಹುಟ್ಟಿದ ತಕ್ಷಣ ಎದೆಗೆ ಹಾಕ್ಕೊಂಡು ಹಾಲು ಕುಡಿಸ್ಬಹುದು. ಮಧ್ಯದಲ್ಲಿ ಸಿಸೇರಿಯನ್ ಮಾಡ್ಬೇಕಾಗಿ ಬಂದ್ರೂ ಅದೇ ಟ್ಯೂಬಲ್ಲಿ ಜಾಸ್ತಿ ಡೋಸ್ ಕೊಟ್ಟು ಆಪರೇಷನ್ ಮಾಡೋಕಾಗುತ್ತೆ, ಎಚ್ಚರವಾಗೇ ಇರ್ತೀಯ.

ತಗೊಳ್ದೇನೇ ಚೆನ್ನಾಗಿ ಹೆತ್ತವರನ್ನೂ ನೋಡಿದೀನಿ. ಒಬ್ಬ ಸ್ಕೂಲ್ ಟೀಚರ್, ಕಾರಿಡಾರಿನ ಕಂಬಿ ಹಿಡ್ಕೊಂಡು ಪ್ರತಿ ನೋವಿಗೂ ಸೊಂಟ ಆಡಿಸ್ತಾ, ಗಂಡ ಹಿಂದೆ ನಿಂತು ಸೊಂಟದ ಮೂಳೆ ಒತ್ತಿ ಹಿಡಿಯೋನು, ಹಾಗೇ ಎಲ್ಲಾ ಕಳೆದ್ಲು, "ಬೇಕಾ" ಅಂತ ಕೇಳಿದ್ರೆ ಬೇಡ ಅಂತ ತಲೆ ಆಡ್ಸಿದ್ಲು. ಇನ್ನೊಬ್ಳಿಗೆ ದಿನ ಮೀರಿದೆ ಅಂತ ನೋವು ಬರ್ಸೋ ಡ್ರಿಪ್ ಹಾಕಿದ್ರು, ಡ್ರಿಪ್ಪಿನ ನೋವು ಒತ್ತೊತ್ತಾಗಿ ಬರುತ್ತೆ, ಉಸಿರು ಬಿಡೋಕೂ ಬಿಡುವು ಕೊಡಲ್ಲ. ರಾತ್ರಿಯಿಡೀ ಒದ್ದಾಡಿ ಬೆಳಿಗ್ಗೆ ಎಪಿಡ್ಯೂರಲ್ ಹಾಕಿಸ್ಕೊಂಡ್ಲು, ಒಂದು ನಿದ್ದೆ ತೆಗ್ದು ಎದ್ದು, ಶಕ್ತಿ ಬಂದು, ತಾನೇ ಮುಕ್ಕಿ ಹೆತ್ಲು. ಇಬ್ರೂ ಸರಿ ಮಾಡಿದ್ರು. ನಿಂಗೂ ಡ್ರಿಪ್ ಹಾಕೋ ಹಾಗಾದ್ರೆ ಎಪಿಡ್ಯೂರಲ್ ಮಾತು ಸ್ವಲ್ಪ ಬೇಗನೇ ಎತ್ತು, ಅದು ನನ್ನ ಅನಿಸಿಕೆ. ತಾನಾಗೇ ನೋವು ಬಂದ್ರೆ ಮೊದ್ಲು ಓಡಾಡು, ಬೆಚ್ಚಗಿನ ನೀರು ಹಾಕ್ಕೋ, ಆ ದೊಡ್ಡ ಬಾಲ್ ಮೇಲೆ ಕೂರು, ಎಂಟೊನಾಕ್ಸ್ ಗ್ಯಾಸ್ ಇದ್ಯಾ ಅಂತಲೂ ಕೇಳಿಟ್ಕೋ, ಮಾಸ್ಕಲ್ಲಿ ನೀನೇ ಎಳ್ಕೊಳ್ಳೋದು, ನೋವು ಪೂರ್ತಿ ಹೋಗಲ್ಲ, ತಡೆಯೋ ಹಾಗಾಗುತ್ತೆ.

ಆವತ್ತು ಮನಸ್ಸು ಬದಲಾದ್ರೆ ಬದಲಾಗ್ಲಿ. ಬೇಡ ಅಂದವಳು ಬೇಕು ಅಂದ್ರೆ ಸೋತಂಗಲ್ಲ, ಬೇಕು ಅಂದವಳು ಬೇಡ ಅಂದ್ರೆ ಡಾಕ್ಟ್ರಿಗೆ ಅವಮಾನ ಅಲ್ಲ. ಸಹಿ ನಿಂದು, ಫಾರಂ ಓದಿ ಹಾಕು, ನೋವಿನ ಮಧ್ಯೆ ಓದೋಕಾಗಲ್ಲ, ಅದಕ್ಕೇ ಮುಂಚೇನೇ ಒಂದು ಕಾಪಿ ಕೇಳಿ ತಗೊಂಡ್ಬಾ. ಅಳಿಯಂದ್ರು ಒಳಗೆ ಇರ್ಬಹುದಾ ಅಂತ ಕೇಳು, ಇರ್ಬಹುದು ಅಂದ್ರೆ ಅವ್ರ ಕೆಲ್ಸ ಒಂದೇ, ಹೊರಗಡೆ ಕೂತಿರೋ ಎರಡೂ ಮನೆಯವರ ಅಭಿಪ್ರಾಯ ಒಳಗೆ ತರ್ದೇ ಇರೋದು. ನಿಮ್ಮಮ್ಮನ್ನೂ ಸೇರ್ಸಿ ಹೇಳ್ತಿದೀನಿ.

ಮುಂದಿನ ಚೆಕಪ್‌ಗೆ ಹೋದಾಗ ಅನಸ್ತೇಸಿಯಾ ಡಾಕ್ಟ್ರನ್ನ ಒಂದ್ಸಲ ನೋಡ್ಬೇಕು ಅಂತ ನಿಮ್ಮ ಡಾಕ್ಟ್ರ ಹತ್ರ ಕೇಳು, ಫೈಲು, ಪ್ಲೇಟ್‌ಲೆಟ್ ರಿಪೋರ್ಟು, ಎಕೋಸ್ಪ್ರಿನ್ ಚೀಟಿ ಜೊತೇಲಿರ್ಲಿ. ನಾನು ಕೇಳೋಕೆ ಹೇಳಿದ್ದೆಲ್ಲ ಮೊಬೈಲಲ್ಲಿ ಬರ್ಕೊಂಡು ಹೋಗು, ಅಲ್ಲಿ ಕೂತಾಗ ಮರ್ತೋಗುತ್ತೆ. ಅವ್ರು ಏನಂದ್ರು ಅಂತ ಸಂಜೆ ಫೋನ್ ಮಾಡು. ಬಾಣಂತನದ ಲೇಹ್ಯ, ಅಂಟಿನುಂಡೆ ಎಲ್ಲಾ ನಾನು ನಿಮ್ಮಮ್ಮ ಸೇರಿ ನೋಡ್ಕೋತೀವಿ, ಅದ್ರ ಯೋಚ್ನೆ ನಿಂಗೆ ಬೇಡ.

ನಿನ್ನ ದೊಡ್ಡಮ್ಮ