ತೌಲನಿಕ ಪ್ರಬಂಧಕ್ಕೆ ರೆಡಿಮೇಡ್ ಪೀಠಿಕೆ ಕೊಡಬೇಡಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಮಾದರಿ ಉತ್ತರಗಳು ಶುರುವಾಗುತ್ತವೆ. ಬರಲಿ, ಗೈಡ್ ಕೊಳ್ಳಲಾಗದ ಮಕ್ಕಳಿಗೆ ಅದರಿಂದ ಅನುಕೂಲವಿದೆ. ಆದರೆ ಎರಡು ಕೃತಿಗಳನ್ನು ಹೋಲಿಸಿ ಬರೆಯುವ ತೌಲನಿಕ ಪ್ರಬಂಧದ ಪೀಠಿಕೆಯನ್ನೂ ಸಿದ್ಧ ಮಾಡಿ ಕೊಡುವುದನ್ನು ದಯವಿಟ್ಟು ನಿಲ್ಲಿಸಿ. ಪದವಿ ತರಗತಿಗೆ ಕನ್ನಡ ಪಾಠ ಮಾಡುವವಳು ನಾನು. ಬಾಯಿಪಾಠ ಮಾಡಿದ ಆ ಪೀಠಿಕೆಗಳನ್ನು ಓದುವಾಗ ಮಕ್ಕಳ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ.

‘ಪಂಪ ಮತ್ತು ರನ್ನರ ದುರ್ಯೋಧನನನ್ನು ಹೋಲಿಸಿ’ ಅಂತ ಪ್ರಶ್ನೆ ಇರುತ್ತದೆ ಅಂದುಕೊಳ್ಳಿ. ಉತ್ತರ ಹೀಗೆ ಶುರುವಾಗುತ್ತದೆ: ಕನ್ನಡ ಸಾಹಿತ್ಯದಲ್ಲಿ ಪಂಪ, ರನ್ನರ ಸ್ಥಾನ ಬಹಳ ದೊಡ್ಡದು, ಪಂಪ ಆದಿಕವಿ, ರನ್ನ ಶಕ್ತಿಕವಿ, ಇಬ್ಬರೂ ರತ್ನತ್ರಯರಲ್ಲಿ ಸೇರಿದವರು. ಆಮೇಲೆ ಊರು, ತಂದೆ ತಾಯಿ, ಆಶ್ರಯದಾತ, ಬಿರುದು, ಕೃತಿಗಳ ಪಟ್ಟಿ. ಅರ್ಧ ಪುಟ ಮುಗಿದರೂ ದುರ್ಯೋಧನನ ಸುಳಿವಿಲ್ಲ. ಬರೆದದ್ದರಲ್ಲಿ ಸುಳ್ಳೇನಿಲ್ಲ, ಸರಿ. ಆದರೆ ಕರ್ಣನ ಬಗ್ಗೆ ಕೇಳಿದರೂ ಅದೇ ಪೀಠಿಕೆ, ದ್ರೌಪದಿ ಬಗ್ಗೆ ಕೇಳಿದರೂ ಅದೇ. ಯಾವ ಪ್ರಶ್ನೆಗೂ ಹೊಂದುವ ಪೀಠಿಕೆ ಆ ಪ್ರಶ್ನೆಗೆ ಪೀಠಿಕೆ ಆಗೋದು ಹೇಗೆ?

ಎರಡು ಕೃತಿಗಳನ್ನು ಯಾಕೆ ಅಕ್ಕಪಕ್ಕ ಇಟ್ಟಿದ್ದೇನೆ, ಇಟ್ಟು ನೋಡಿದಾಗ ನನಗೆ ಏನು ಕಂಡಿತು. ತೌಲನಿಕ ಪ್ರಬಂಧದ ಪೀಠಿಕೆ ಹೇಳಬೇಕಾದದ್ದು ಇಷ್ಟೇ.

ಇದೇ ಪ್ರಶ್ನೆಯನ್ನು ತೆಗೆದುಕೊಳ್ಳಿ. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ, ರನ್ನ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡ. ಹಾಗಾಗಿ ಪಂಪನಲ್ಲಿ ಕೊನೆಗೆ ಪಟ್ಟ ಅರ್ಜುನನಿಗೆ, ರನ್ನನಲ್ಲಿ ಭೀಮನಿಗೆ. ಎರಡೂ ಕಡೆ ದುರ್ಯೋಧನ ದೊರೆಯ ಶತ್ರುವಿನ ಜಾಗದಲ್ಲಿ ನಿಂತವನು. ಅಂಥವನನ್ನು ಆಸ್ಥಾನದ ಕವಿಗಳು ಹಳಿದು ಮುಗಿಸಬಹುದಿತ್ತು, ಅಲ್ವಾ? ಮುಗಿಸಲಿಲ್ಲ. ಪಂಪ ಕಾವ್ಯದ ಕೊನೆಗೆ ತನ್ನ ಭಾರತದ ದೊಡ್ಡವರನ್ನು ನೆನೆಯುವಾಗ ‘ಚಲದೊಳ್ ದುರ್ಯೋಧನಂ’ ಅಂತ ಅವನ ಹೆಸರನ್ನೇ ಮೊದಲು ಹೇಳುತ್ತಾನೆ. ರನ್ನ ತನ್ನ ‘ಗದಾಯುದ್ಧ’ ಕಾವ್ಯದಲ್ಲಿ ಇನ್ನೂ ಮುಂದೆ ಹೋದ. ಪಿಯುಸಿಯಲ್ಲಿ ‘ದುರ್ಯೋಧನ ವಿಲಾಪ’ ಓದಿದವರಿಗೆ ಗೊತ್ತು: ಆ ರಾಜ ಸಂಜಯನ ಜೊತೆ ಹೆಣಗಳನ್ನು ದಾಟಿಕೊಂಡು ಬರುತ್ತಾನೆ, ಮಗ ಲಕ್ಷಣನನ್ನು, ದುಶ್ಶಾಸನನನ್ನು, ಕರ್ಣನನ್ನು ಕಂಡು ಅಳುತ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗ ಅಭಿಮನ್ಯುವಿನ ಎದುರು ಕೈಮುಗಿದು, ನಿನ್ನ ಸಾಹಸದ ಒಂದು ಪಾಲಿನಷ್ಟಾದರೂ ಇರುವ ಸಾವು ನನಗೂ ಬರಲಿ ಅಂತ ಬೇಡುತ್ತಾನೆ. ಎಷ್ಟು ಸಲ ಪಾಠ ಮಾಡಿದರೂ ಆ ಪದ್ಯ ಬಂದಾಗ ನನ್ನ ಗಂಟಲು ಕಟ್ಟುತ್ತದೆ.

ಇದನ್ನು ಓದಿದ ಹುಡುಗಿಯೊಬ್ಬಳು ಹೀಗೆ ಶುರು ಮಾಡಬಹುದಲ್ಲ: ‘ಪಂಪನಿಗೆ ಅರ್ಜುನ ನಾಯಕ, ರನ್ನನಿಗೆ ಭೀಮ. ದುರ್ಯೋಧನ ಇಬ್ಬರಿಗೂ ಎದುರಾಳಿ. ಆದರೂ ಪಂಪ ಅವನ ಛಲವನ್ನು ಮೆಚ್ಚುತ್ತಾನೆ, ರನ್ನ ಅವನ ದುಃಖವನ್ನೂ ನಮಗೆ ಕೇಳಿಸುತ್ತಾನೆ. ಅದರಿಂದಾಗಿ ಗದಾಯುದ್ಧದ ನಿಜವಾದ ನಾಯಕ ಭೀಮನೇ ಅನ್ನುವುದು ಕಷ್ಟವಾಗುತ್ತದೆ ಎಂದು ಇಲ್ಲಿ ತೋರಿಸಲು ಹೊರಟಿದ್ದೇನೆ.’ ಇದನ್ನು ನೀವು ಒಪ್ಪದೇ ಇರಬಹುದು, ಜಗಳಕ್ಕೂ ಬರಬಹುದು. ಆದರೆ ಮುಂದಿನ ಪ್ಯಾರಾ ಓದದೆ ಬಿಡುವುದಿಲ್ಲ. ಬರೆಯುವವಳಿಗೂ ಮುಂದೆ ಏನು ಬರೆಯಬೇಕು ಅನ್ನೋದು ಸ್ಪಷ್ಟವಾಗಿರುತ್ತದೆ.

ಇಸವಿ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಪಂಪಭಾರತ 941ರದ್ದು, ರನ್ನ ಅದನ್ನು ಚೆನ್ನಾಗಿ ಓದಿಕೊಂಡು ಆಮೇಲೆ ಬರೆದವನು. ಪಂಪ ಇಡೀ ಭಾರತವನ್ನು 14 ಆಶ್ವಾಸಗಳಲ್ಲಿ (ಅಂದರೆ ಅಧ್ಯಾಯಗಳಲ್ಲಿ) ಹೇಳಿದರೆ, ರನ್ನ ಅದರ 13ನೇ ಆಶ್ವಾಸದ ಕಥೆಯೊಂದನ್ನೇ ಹಿಡಿದು 10 ಆಶ್ವಾಸ ಬರೆದ, ಹಿಂದಿನದೆಲ್ಲ ಪಾತ್ರಗಳ ನೆನಪಾಗಿ ಬಂತು. ದುರ್ಯೋಧನನ ಅಳುವಿಗೆ ಅಷ್ಟು ಜಾಗ ಸಿಕ್ಕಿದ್ದು ಅದರಿಂದಲೇ. ಹೀಗೆ ಉಪಯೋಗಕ್ಕೆ ಬರುವ ಅಂಕಿ ಇದ್ದರೆ ಬರಲಿ, ಸುಮ್ನೆ ಪುಟ ತುಂಬಿಸಲು ಬೇಡ.

ಬೇರೆ ಭಾಷೆಯ ಕೃತಿ ಬಂದಾಗಲೂ ಅಷ್ಟೇ. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ (1929) ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕದ ಜಾಡಿನಲ್ಲಿ ಹುಟ್ಟಿದ್ದು. ಈ ಪ್ರಶ್ನೆಗೆ ಮಕ್ಕಳು ಗ್ರೀಕ್ ರಂಗಭೂಮಿಯ ಇತಿಹಾಸದಿಂದ ಶುರು ಮಾಡುತ್ತಾರೆ. ನಮ್ಮ ಪುರಾಣದ ಪ್ರಕಾರ ಅಶ್ವತ್ಥಾಮ ಚಿರಂಜೀವಿ, ಆದರೆ ನಾಟಕದಲ್ಲಿ ಏಜಾಕ್ಸನ ಹಾಗೆ ತಾನೇ ಪ್ರಾಣ ಬಿಡುತ್ತಾನೆ. ಸಾವಿಲ್ಲದವನಿಗೆ ಶ್ರೀ ಯಾಕೆ ಸಾವು ಕೊಟ್ಟರು? ಪೀಠಿಕೆಯ ಮೊದಲ ಸಾಲಿಗೆ ಇದಕ್ಕಿಂತ ಒಳ್ಳೆ ಪ್ರಶ್ನೆ ಬೇಕಾ?

ತಪ್ಪು ಮಕ್ಕಳದ್ದೊಂದೇ ಅಲ್ಲ. ಬಿರುದು, ಇಸವಿ ಕಂಡ ಕಡೆ ಟಿಕ್ ಹಾಕಿ ಅಂಕ ಕೊಡುವ ಮೌಲ್ಯಮಾಪಕರು ನಮ್ಮಲ್ಲೂ ಇದ್ದಾರೆ. ಅವರು ಬದಲಾಗುವವರೆಗೆ ಮಕ್ಕಳು ಧೈರ್ಯ ಮಾಡುವುದು ಕಷ್ಟ.

ಹಾಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಮಾದರಿ ಪೀಠಿಕೆಯ ಜಾಗದಲ್ಲಿ ಪಂಪನದೊಂದು ಪದ್ಯ, ರನ್ನನದೊಂದು ಪದ್ಯ ಅಕ್ಕಪಕ್ಕ ಹಾಕಿ, ಕೆಳಗೆ ಕಷ್ಟದ ಪದಗಳಿಗೆ ಅರ್ಥ ಕೊಡಿ. ಪೀಠಿಕೆಯನ್ನು ಮಕ್ಕಳೇ ಬರೆದು ಕಳಿಸಲಿ, ಚೆನ್ನಾಗಿರುವುದನ್ನು ಮುಂದಿನ ವಾರ ಪ್ರಕಟಿಸಿ. ಪದ್ಯಗಳನ್ನು ಆರಿಸಿ, ಅರ್ಥ ಬರೆದು ಕೊಡುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.

– ಕನ್ನಡ ಉಪನ್ಯಾಸಕಿ, ಹಾಸನ