ಮುರಿದ ಬೋಲ್ಟ್ ತೆಗೆಯದೆ ಗ್ರೀಸ್ ಬಳಿದು ಕಳಿಸಿದ್ದಕ್ಕೆ ದೂರು

ಸರ್ವೀಸ್ ಮ್ಯಾನೇಜರ್ ಅವರಿಗೆ,

ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ "ವಿಚಾರಿಸಿ ಹೇಳ್ತೀವಿ ಸರ್" ಅಂದಿರಿ. ಯಾರೂ ಹೇಳಲಿಲ್ಲ. ಅದಕ್ಕೇ ಬರೆದು ಕೊಡುತ್ತಿದ್ದೇನೆ.

ಲಾರಿಯ ಎಡಗಡೆ ಹಿಂದಿನ ಚಕ್ರದ ನಡುಭಾಗ, ಅಂದರೆ ಹಬ್‌ನಲ್ಲಿ ಆಯಿಲ್ ಸೋರುತ್ತಿದೆ ಅಂತ ಗಾಡಿ ಬಿಟ್ಟಿದ್ದೆ. ಚಕ್ರ ತಿರುಗಿಸುವ ಆಕ್ಸಲ್ ಶಾಫ್ಟ್ ಬಿಚ್ಚುವಾಗ 10 ಬೋಲ್ಟ್‌ಗಳಲ್ಲಿ ಒಂದು ಹಬ್‌ನೊಳಗೇ ಮುರಿಯಿತು. ಅದಕ್ಕೆ ನಾನು ಯಾರನ್ನೂ ಬೈಯುವುದಿಲ್ಲ. ತುಕ್ಕು ಹಿಡಿದ ಬೋಲ್ಟ್ ಯಾರ ಕೈಯಲ್ಲಾದರೂ ಮುರಿಯುತ್ತದೆ. ಮುರಿದ ಮೇಲೆ ನೀವು ಮಾಡಿದ್ದೇ ನನ್ನ ದೂರು.

ಗಾಡಿ ವಾಪಸ್ ಬಂದ ಮೂರನೇ ದಿನ ಆಯಿಲ್ ಮತ್ತೆ ಜಿನುಗಿತು. ಹಬ್ ಮೇಲಿನ ಗ್ರೀಸನ್ನು ಬಟ್ಟೆಯಿಂದ ಒರೆಸಿದೆ. ಒಂದು ಬೋಲ್ಟಿನ ತಲೆ ಬಟ್ಟೆಗೆ ಅಂಟಿಕೊಂಡು ಕೈಗೇ ಬಂತು! ಬರೀ ತಲೆ. ಕೆಳಗೆ ಬೋಲ್ಟೇ ಇಲ್ಲ. ಟಾರ್ಚ್ ಹಾಕಿ ನೋಡಿದರೆ ತೂತು ಓರೆಯಾಗಿ ಕೊರೆದಿದೆ, ಒಳಗೆ ಈಸಿ ಔಟ್ (ಮುರಿದ ಬೋಲ್ಟನ್ನು ತಿರುಗಿಸಿ ತೆಗೆಯುವ ಟೂಲ್) ತುಂಡು ಮಿನುಗುತ್ತಿದೆ.

ಮುರಿದ ಬೋಲ್ಟ್ ತೆಗೆಯಲು ಎಣ್ಣೆ ಹಾಕಿ ನೆನೆಯಲು ಬಿಡಬೇಕು, ಸರಿಯಾಗಿ ನಡುವಿಗೆ ಪಂಚ್ ಹೊಡೆದು ಸಣ್ಣ ಬಿಟ್‌ನಿಂದ ಕೊರೆಯಬೇಕು, ಇಲ್ಲ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ತಿರುಗಿಸಬೇಕು. ಇದು ನಿಮ್ಮವರಿಗೆ ಗೊತ್ತು. ಈಸಿ ಔಟ್ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯಲ್ಲ, ಕಾರ್ಬೈಡ್ ಬಿಟ್ ಬೇಕು ಅಂತಲೂ ಗೊತ್ತು. ಒಂದು ಮಾತು ಹೇಳಿದ್ದರೆ ಇನ್ನೆರಡು ದಿನ ಕಾಯುತ್ತಿದ್ದೆ.

ಆ ತಲೆಯನ್ನು ತಂದು ನಿಮ್ಮ ಕೌಂಟರ್ ಮೇಲೆ ಇಟ್ಟೆ. ಸೂಪರ್‌ವೈಸರ್ ಪೆನ್ನಿನ ತುದಿಯಿಂದ ಅದನ್ನು ನನ್ನ ಕಡೆಗೆ ತಳ್ಳಿದರು. "ಟೇಬಲ್‌ಗೆ ಗ್ರೀಸ್ ಆಗುತ್ತೆ, ತೆಗೀರಿ" ಅಂದರು. ತೆಗೆದೆ. "ಇನ್ನೂ ಒಂಬತ್ತು ಇದಾವಲ್ಲ, ಓಡುತ್ತೆ ಬಿಡಿ" ಅಂದರು. ಒಂದು ಕಡಿಮೆಯಾದರೆ ಉಳಿದವುಗಳ ಮೇಲೆ ಭಾರ ಜಾಸ್ತಿ ಬೀಳುತ್ತೆ ಅಲ್ವಾ ಅಂತ ಕೇಳಿದೆ. ಆಗ ತಲೆ ಎತ್ತಿ, ಎಲ್ಲರಿಗೂ ಕೇಳುವ ಹಾಗೆ, "ನೀವು ಲಾರಿ ಓಡಿಸೋರಾ, ಇಂಜಿನಿಯರ್ರಾ?" ಅಂದರು. ಹಿಂದೆ ನಿಂತವರು ನಕ್ಕರು. ನನ್ನ ಕ್ಲೀನರ್ ಹುಡುಗ ಪಕ್ಕದಲ್ಲೇ ಇದ್ದ, ನೆಲ ನೋಡುತ್ತಾ ನಿಂತ. ಕೌಂಟರ್ ಮೇಲಿನ ಗ್ರೀಸ್ ಕಲೆಯನ್ನು ನನ್ನ ಟವೆಲಿನಿಂದಲೇ ಒರೆಸಿ ಬಂದೆ. ಯಾಕೆ ಒರೆಸಿದೆನೋ ಇವತ್ತಿಗೂ ಗೊತ್ತಾಗಿಲ್ಲ.

ನಾನು ಇಂಜಿನಿಯರ್ ಅಲ್ಲ. ಆದರೆ ಆ ಬೋಲ್ಟ್‌ಗಳೇ ಶಾಫ್ಟಿನ ಎಳೆತವನ್ನು ಚಕ್ರಕ್ಕೆ ಕೊಡುವುದು. ಒಂದೊಂದಾಗಿ ತುಂಡಾದರೆ ಲೋಡ್ ಗಾಡಿ ಏರಿನಲ್ಲಿ ನಿಲ್ಲುತ್ತದೆ, ಹಿಂದೆ ಬರುವವರ ಗತಿ ಏನು? ನಿಮ್ಮ ಜಾಬ್ ಕಾರ್ಡಿನಲ್ಲಿ ಮಾತ್ರ "ಎಲ್ಲಾ ಬೋಲ್ಟ್ ಟಾರ್ಕ್ ಮಾಡಿದೆ", ಅಂದರೆ ಅಳತೆಗೆ ಸರಿಯಾಗಿ ಬಿಗಿ ಮಾಡಿದೆ ಅಂತ ಬರೆದು ಸಹಿ ಹಾಕಿದ್ದೀರಿ. ಇಲ್ಲದ ಬೋಲ್ಟಿಗೆ ಟಾರ್ಕ್ ಹಾಕಿದವರು ಯಾರು?

ಆ ತುಂಡು ತೆಗೆಯಬೇಕು. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗುವ ತಂತಿ ಸುರುಳಿ) ಹಾಕಬೇಕು. ಹತ್ತೂ ಬೋಲ್ಟ್, ಪ್ಯಾಕಿಂಗ್ ಹೊಸದು ಬೇಕು, ಟಾರ್ಕ್ ರೆಂಚ್ ನನ್ನ ಕಣ್ಣೆದುರೇ ಹಾಕಬೇಕು. ಒಂದು ಪೈಸೆ ಕೊಡುವುದಿಲ್ಲ.

ಏಳು ದಿನ ಕಾಯುತ್ತೇನೆ. ಆಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುತ್ತೇನೆ. ಬೋಲ್ಟಿನ ತಲೆ, ಫೋಟೋಗಳು, ನಿಮ್ಮ ಸಹಿ ಇರುವ ಜಾಬ್ ಕಾರ್ಡ್ ಎಲ್ಲ ನನ್ನ ಹತ್ತಿರ ಇವೆ. ಆ ಸೂಪರ್‌ವೈಸರನ್ನೂ ಕರೆಸುತ್ತೇನೆ. ನನ್ನನ್ನು ಕೇಳಿದ ಪ್ರಶ್ನೆಯನ್ನು ಅವರು ಅಲ್ಲಿ ಇನ್ನೊಮ್ಮೆ ಕೇಳಲಿ.

ಇಂತಿ,
ಲಾರಿ ಮಾಲೀಕ ಮತ್ತು ಚಾಲಕ