ಶ್ರುತಿ ಕೂಡಿಸಲು ಬಂದವರು

ಹೋದ ಶನಿವಾರ, ಮೂರು ವರ್ಷದ ಮೇಲೆ, ವೇದಿಕೆ ಹತ್ತಿ ಎರಡೂ ಕೈಯಿಂದ ಪಿಯಾನೋ ನುಡಿಸಿದೆ. ಅವತ್ತಿನಿಂದ ಬಂದಿರುವ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಕೂತರೆ ಬೆರಳುಗಳು ಮತ್ತೆ ಮುಷ್ಕರ ಹೂಡಿಯಾವು. ಅದಕ್ಕೇ ಎಲ್ಲರಿಗೂ ಸೇರಿಸಿ ಒಟ್ಟಿಗೆ ಬರೆಯುತ್ತಿದ್ದೇನೆ. ಬಲಗೈಯ ಬೆರಳುಗಳು ಯಾಕೆ ನನ್ನ ಮಾತು ಕೇಳದಾದವು, ಯಾವ ಡಾಕ್ಟರು ಏನಂದರು ಅನ್ನುವುದೆಲ್ಲ ನಿಮಗೆ ಬಾಯಿಪಾಠ ಆಗಿಹೋಗಿದೆ. ಅದನ್ನು ಬಿಡುತ್ತೇನೆ.

ಒಂದೊಂದೇ ಬೆರಳನ್ನು ಹಿಡಿದು ಮಗುವಿಗೆ ಅಕ್ಷರ ತಿದ್ದಿಸಿದ ಹಾಗೆ ತಿದ್ದಿಸಿದ ಫಿಸಿಯೋ, ಈ ವಯಸ್ಸಿನಲ್ಲೂ ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಸ್ಕೇಲು ಕೇಳಿಸಿಕೊಂಡ ಗುರುಗಳು, ಪಾಠ ಕಡಿಮೆಯಾದರೂ ಬಿಟ್ಟುಹೋಗದ ಶಿಷ್ಯರು, ನನ್ನ ಸಿಡುಕನ್ನು ನುಂಗಿಕೊಂಡ ಅಪ್ಪ ಅಮ್ಮ, ಎಲ್ಲರಿಗೂ ನಮಸ್ಕಾರ. ಒಪ್ಪಿಕೊಂಡಿದ್ದ ಕಾರ್ಯಕ್ರಮವನ್ನು ಒಂದೇ ಸಾಲಿನ ಮೇಲ್‌ನಲ್ಲಿ ರದ್ದು ಮಾಡಿದ ಆಯೋಜಕರೊಬ್ಬರಿದ್ದಾರೆ. ಅವರಿಗೂ ಥ್ಯಾಂಕ್ಸ್ ಹೇಳುವಷ್ಟು ದೊಡ್ಡ ಮನಸ್ಸು ನನಗೆ ಇನ್ನೂ ಬಂದಿಲ್ಲ.

ಇನ್ನು ಅಣ್ಣನ ವಿಷಯ.

ನನಗೆ ಒಡಹುಟ್ಟಿದವರಿಲ್ಲ. ಹದಿನೆಂಟು ವರ್ಷದಿಂದ ನನ್ನ ಪಿಯಾನೋದ ಶ್ರುತಿ ಕೂಡಿಸುತ್ತಿರುವವರನ್ನೇ ಅಣ್ಣ ಅನ್ನುತ್ತೇನೆ. ನಾವು ಚಪ್ಪಾಳೆಗೆ ತಲೆಬಾಗುವ ಹೊತ್ತಿಗೆ ಹಾಲ್‌ನ ಹಿಂಬಾಗಿಲಲ್ಲಿ ಚೀಲ ಹಿಡಿದು ನಿಂತಿರುವವರು. ಪೋಸ್ಟರಿನಲ್ಲಿ ಹೆಸರಿರುವುದಿಲ್ಲ. ಇಲ್ಲಿಯೂ ಹಾಕಬೇಡ ಅಂದಿದ್ದಾರೆ.

ನಾನು ನುಡಿಸುವುದನ್ನು ನಿಲ್ಲಿಸಿದ ಮೇಲೂ ಅವರು ಮೂರು ತಿಂಗಳಿಗೊಮ್ಮೆ ಬರುವುದನ್ನು ನಿಲ್ಲಿಸಲಿಲ್ಲ. ‘ಮುಟ್ಟದ ಪಿಯಾನೋಗೆ ಯಾಕಣ್ಣ?’ ಅಂದರೆ, ‘ನೀನು ಮುಟ್ಟಲಿಲ್ಲ ಅಂತ ಹವೆ ಸುಮ್ಮನಿರುತ್ತಾ?’ ಅನ್ನುತ್ತಿದ್ದರು. ನಿಜವೇ. ಗಾಳಿಯಲ್ಲಿ ತೇವ ಹೆಚ್ಚಿದರೆ ಸೌಂಡ್‌ಬೋರ್ಡಿನ, ಅಂದರೆ ತಂತಿಗಳ ನಾದವನ್ನು ದೊಡ್ಡದು ಮಾಡುವ ಹಲಗೆಯ, ಮರ ಉಬ್ಬಿ ಶ್ರುತಿ ಏರುತ್ತದೆ, ಒಣಗಿದರೆ ಇಳಿಯುತ್ತದೆ. ಸುಮಾರು 230 ತಂತಿಗಳು, ಎಲ್ಲ ಸೇರಿ ಹತ್ತಿರ ಹತ್ತಿರ 20 ಟನ್ ಎಳೆತ. ಯಾರು ನುಡಿಸಲಿ ಬಿಡಲಿ, ಒಳಗೆ ಆ ಜಗ್ಗಾಟ ನಡೆದೇ ಇರುತ್ತದೆ.

ಎರಡನೇ ಡಾಕ್ಟರೂ ಕೈಚೆಲ್ಲಿದ ದಿನವೇ ಅಣ್ಣನ ಸರದಿ. ಬಾಗಿಲಲ್ಲೇ ಹೇಳಿದೆ: ಪಿಯಾನೋ ಮಾರುತ್ತಿದ್ದೇನೆ, ಬೆಳಿಗ್ಗೆ ನೋಡಲು ಬರುತ್ತಾರೆ, ಇವತ್ತು ಬೇಡ. ‘ಮಾರೋ ಪಿಯಾನೋನೂ ಶ್ರುತಿಯಲ್ಲೇ ಹೋಗಬೇಕಮ್ಮಾ’ ಅಂತ ಒಳಗೆ ಬಂದು ಚೀಲ ಇಳಿಸಿದರು.

ಮಾಮೂಲಿಗೆ ಎರಡು ಗಂಟೆಯ ಕೆಲಸ. ಅವತ್ತು ಬೆಳಗಿನ ತನಕ ಎಳೆದರು. ತಂತಿಗಳ ಸಂದಿಗೆ ಕೆಂಪು ಫೆಲ್ಟಿನ ಪಟ್ಟಿ ತುರುಕಿ, ಎ ಸ್ವರವನ್ನು ಸೆಕೆಂಡಿಗೆ 440 ಕಂಪನಕ್ಕೆ ನಿಲ್ಲಿಸಿ, ‘ನನ್ನ ಕೈ ಸಾಲದು, ಎಡಗೈಯಲ್ಲಿ ಈ ಮನೆ ಒತ್ತಿ ಹಿಡಿ’ ಅಂದರು. ಶುದ್ಧ ಸುಳ್ಳು. ಒಂದು ಕೈಯಲ್ಲಿ ತಂತಿ ಬಿಗಿಸುವ ಕೀಲಿ, ಇನ್ನೊಂದು ಕೈ ಮನೆಗಳ ಮೇಲೆ, ಹಾಗೆ ಜೀವಮಾನವಿಡೀ ಒಬ್ಬರೇ ಮಾಡಿದ ಕೆಲಸ ಅದು. ಆದರೂ ಒತ್ತಿದೆ. ಒಂದೇ ಸ್ವರದ ಎರಡು ತಂತಿ ಕೂದಲೆಳೆಯಷ್ಟು ಬೇರೆಯಾದರೆ ನಾದ ತೂಗಾಡುತ್ತದೆ. ಅವರು ಕೀಲಿ ತಿರುಗಿಸಿದಂತೆ ಆ ತೂಗಾಟ ನಿಧಾನವಾಗುತ್ತಾ ಆಗುತ್ತಾ ನಿಂತುಬಿಡುತ್ತದೆ. ‘ನಿಂತಿತಾ?’ ‘ಇನ್ನೂ ಇಲ್ಲ.’ ‘ಈಗ?’ ‘ಹ್ಞೂಂ.’

ರಾತ್ರಿ ಎರಡರ ಸುಮಾರಿಗೆ ಕಟ್ಟೆ ಒಡೆಯಿತು. ಈ ಕೈ ಇಟ್ಟುಕೊಂಡು ಏನು ಮಾಡಲಿ, ಆರನೇ ವಯಸ್ಸಿನಿಂದ ಬೇರೇನೂ ಕಲಿಯಲಿಲ್ಲ, ಇದಿಲ್ಲದಿದ್ದರೆ ನಾನು ಯಾವುದಕ್ಕೂ ಬಾರದವಳು ಅಂತ ಕೂಗಾಡಿದೆ. ಇನ್ನೂ ಏನೇನೋ ಅಂದೆ, ಬರೆಯಲಾರೆ. ಅವರು ಸಮಾಧಾನ ಹೇಳಲಿಲ್ಲ, ಎದ್ದು ಹತ್ತಿರ ಬರಲೂ ಇಲ್ಲ. ಕೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಸುಮ್ಮನಾಗುವ ತನಕ ಕೂತಿದ್ದರು. ಆಮೇಲೆ, ‘ಈ ಜಿ ಇನ್ನೂ ಸ್ವಲ್ಪ ಇಳಿದಿದೆ, ಒತ್ತು’ ಅಂದರು.

ಬೆಳಿಗ್ಗೆ ಪಿಯಾನೋ ನೋಡಲು ಬಂದವರಿಗೆ ಬಾಗಿಲು ತೆರೆದವರೂ ಅವರೇ. ಏನು ಹೇಳಿ ಕಳಿಸಿದರೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಮುಂದಿನ ಸಲ ಬಂದಾಗ ಚೀಲದಲ್ಲಿ ಸ್ವರಲಿಪಿಯ ಹಳೆಯ ಪುಸ್ತಕವೊಂದಿತ್ತು: ಬಾಖ್ ಒಂಟಿ ವಯೊಲಿನ್‌ಗೆ ಬರೆದ ಶಕೋನ್ ಅನ್ನು ಬ್ರಾಮ್ಸ್ ಎಡಗೈ ಒಂದಕ್ಕೇ ಹೊಂದಿಸಿದ್ದು. 1877ರಲ್ಲಿ ಅದು ಪಿಯಾನೋ ವಾದಕಿ ಕ್ಲಾರಾ ಶೂಮನ್ ಕೈಸೇರುವ ಹೊತ್ತಿಗೆ ಆಕೆ ಡ್ರಾಯರ್ ಎಳೆಯಲು ಹೋಗಿ ಬಲಗೈ ಉಳುಕಿಸಿಕೊಂಡಿದ್ದಳು. ಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೋ ವಾದಕ ಪಾಲ್ ವಿಟ್‌ಗೆನ್‌ಸ್ಟೈನ್‌ಗಾಗಿ ರವೆಲ್ ಬರೆದ ಎಡಗೈ ಕನ್ಸರ್ಟೊ ನನಗೂ ಗೊತ್ತಿತ್ತು. ಆದರೆ ಅದೆಲ್ಲ ‘ಅಂಥವರ’ ಸಂಗೀತ ಅಂದುಕೊಂಡಿದ್ದೆ, ಈಗ ನಾಚಿಕೆಯಾಗುತ್ತದೆ. ಎರಡು ವರ್ಷ ನನ್ನನ್ನು ಸಾಕಿದ್ದು ಆ ಎಡಗೈ ಸಂಗೀತವೇ.

ಶನಿವಾರ ನುಡಿಸಿದ್ದು ಶೂಬರ್ಟ್ 1828ರಲ್ಲಿ, ಸಾಯುವುದಕ್ಕೆ ಎರಡು ತಿಂಗಳಷ್ಟೇ ಮುಂಚೆ, ಮುಗಿಸಿದ ಬಿ ಫ್ಲ್ಯಾಟ್ ಸೊನಾಟಾ. ಅದರ ಮೊದಲ ಹಾಡು ನಿಂತಿರುವುದು ಬಲಗೈಯ ಉಂಗುರಬೆರಳು, ಕಿರುಬೆರಳುಗಳ ಮೇಲೆ. ಹೇಳದೆ ಕೇಳದೆ ಮಡಚಿಕೊಳ್ಳುತ್ತಿದ್ದವು ಅವೆರಡೇ. ಎಂಟನೇ ಬಾರ್‌ನಲ್ಲಿ ಎಡಗೈ ತೀರ ಕೆಳಗಿಳಿದು, ಪಕ್ಕದ ಕೋಣೆಯಲ್ಲಿ ಯಾರೋ ಮೇಜು ಸರಿಸಿದಷ್ಟು ಮೆತ್ತಗೆ ಒಂದು ಟ್ರಿಲ್, ಅಂದರೆ ಅಕ್ಕಪಕ್ಕದ ಎರಡು ಸ್ವರಗಳ ಬಿರುಸಾದ ನಡುಕ, ನುಡಿಸುತ್ತದೆ. ಆಮೇಲೆ ಮೌನ. ಆ ಮೌನದಲ್ಲಿ ಬಲಗೈ ನೋಡಿಕೊಂಡೆ. ಬೆರಳು ಮಡಚಿರಲಿಲ್ಲ. ಮೂರನೇ ಭಾಗದಲ್ಲಿ ಎರಡು ಕಡೆ ತಪ್ಪಿದೆ, ದಯವಿಟ್ಟು ಯಾರೂ ಇಲ್ಲ ಅನ್ನಬೇಡಿ.

ಜನರೆಲ್ಲ ಹೋದ ಮೇಲೆ ಅಣ್ಣ ಬಂದರು. ಚೆನ್ನಾಗಿತ್ತು ಅಂತಾರೇನೋ ಅಂತ ಕಾದೆ.

‘ಎರಡನೇ ಭಾಗದ ಹೊತ್ತಿಗೆ ಮೇಲಿನ ಸಿ ಶಾರ್ಪ್‌ನ ಒಂದು ತಂತಿ ಜಾರಿತ್ತು. ಕೇಳಿಸಿತಾ?’

‘ಇಲ್ಲ ಅಣ್ಣ.’

‘ನನಗೆ ಕೇಳಿಸಿತು’ ಅಂತ ಚೀಲ ಬಿಚ್ಚಿದರು. ಖಾಲಿ ಹಾಲ್‌ನಲ್ಲಿ ನಾನು ಮತ್ತೆ ಪಿಯಾನೋ ಮುಂದೆ ಕೂತು, ಅವರು ತೋರಿಸಿದ ಮನೆಯನ್ನು ಬಲಗೈಯ ಕಿರುಬೆರಳಲ್ಲಿ ಒತ್ತಿ ಹಿಡಿದೆ.